ಅಡಿಕೆ ತೋಟದ ಪ್ರಶ್ನೆ ಲಂಡನ್ನಿಗೆ ಹೋಗಲಿ

ಸಹಪಾಠಿಗಳ ಜೊತೆ ವಿದೇಶದ ದೊಡ್ಡ ನಗರಕ್ಕೆ ಅಧ್ಯಯನ ಪ್ರವಾಸ ಹೋಗುವ ಭಾಗ್ಯ ಬಹಳ ಕಾಲ ಬೆಂಗಳೂರಿನಂಥ ಊರುಗಳ ದುಬಾರಿ ಶಾಲೆಯ ಮಕ್ಕಳಿಗೆ ಮಾತ್ರ ಇತ್ತು. ಈಚಿನ ವರ್ಷಗಳಲ್ಲಿ ಆ ಬೇಲಿ ಅಲ್ಲಲ್ಲಿ ಸಡಿಲವಾಗಿದೆ. ಜಪಾನ್ 2014ರಲ್ಲಿ ಆರಂಭಿಸಿದ ಸಕುರಾ ವಿಜ್ಞಾನ ವಿನಿಮಯ ಕಾರ್ಯಕ್ರಮದಲ್ಲಿ 2016ರಿಂದ ಭಾರತದ ಶಾಲಾ ಮಕ್ಕಳೂ ಪಾಲ್ಗೊಳ್ಳುತ್ತಿದ್ದಾರೆ. 2023ರ ಸೆಪ್ಟೆಂಬರಿನಲ್ಲಿ ಆಂಧ್ರಪ್ರದೇಶವು ತನ್ನ ಸರ್ಕಾರಿ ಶಾಲೆಗಳ 10 ಮಕ್ಕಳನ್ನು ನ್ಯೂಯಾರ್ಕಿನಲ್ಲಿರುವ ವಿಶ್ವಸಂಸ್ಥೆಯ ಕೇಂದ್ರ ಕಚೇರಿಗೆ ಕಳಿಸಿತು. ಅದೇ ವರ್ಷ ಕರ್ನಾಟಕ ರಾಜ್ಯ ಉನ್ನತ ಶಿಕ್ಷಣ ಪರಿಷತ್ತು ಬ್ರಿಟಿಷ್ ಕೌನ್ಸಿಲ್ ಜೊತೆಗೂಡಿ ‘ಸ್ಕೌಟ್’ ಎಂಬ ಕಾರ್ಯಕ್ರಮ ಹಮ್ಮಿಕೊಂಡಿತು. ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಪದವಿ ಓದುತ್ತಿರುವ ಪ್ರತಿಭಾವಂತರನ್ನು ಆಯ್ದು ಎರಡು ವಾರಗಳ ಮಟ್ಟಿಗೆ ಬ್ರಿಟನ್ನಿಗೆ ಕಳಿಸುವುದು ಅದರ ಕೆಲಸ. ಸಾಗರ, ಹೊಸನಗರ, ತೀರ್ಥಹಳ್ಳಿಯ ಪದವಿ ಕಾಲೇಜುಗಳು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿದವು. ಹಾಗಾಗಿ ಅರಳಸುರಳಿಯಿಂದ ಬಸ್ಸು ಹಿಡಿದು ತೀರ್ಥಹಳ್ಳಿಗೆ ಓದಲು ಹೋಗುವ ಹುಡುಗಿಗೂ ಲಂಡನ್ ಈಗ ಬರೀ ಪಠ್ಯಪುಸ್ತಕದ ಹೆಸರಾಗಿ ಉಳಿದಿಲ್ಲ. ಇದು ಸಂತೋಷದ ಸಂಗತಿ. ಆದರೆ ಬಾಗಿಲು ತೆರೆದಾಗಲೇ ಕೇಳಬೇಕಾದ ಪ್ರಶ್ನೆಯೊಂದಿದೆ: ಎರಡು ವಾರದಲ್ಲಿ ಒಂದು ಮಹಾನಗರದಿಂದ ವಿದ್ಯಾರ್ಥಿ ಕಲಿಯಬಹುದಾದದ್ದು ಏನು, ಅದನ್ನು ಕಲಿಯುವುದು ಹೇಗೆ?

ಇಂಥ ಪ್ರವಾಸಗಳ ವರದಿಗಳಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ ‘ಅನುಭವ’, ‘ಆತ್ಮವಿಶ್ವಾಸ’, ‘ಜಗತ್ತಿನ ಪರಿಚಯ’. ಇವು ಸುಳ್ಳಲ್ಲ, ಆದರೆ ಸಾಲವು. ಗಡಿಯಾರ ಗೋಪುರದ ಮುಂದೆ, ಥೇಮ್ಸ್ ನದಿಯ ಸೇತುವೆಯ ಮೇಲೆ ನಿಂತು ಫೋಟೊ ತೆಗೆಸಿಕೊಂಡು ಬಂದರೂ ಒಂದಿಷ್ಟು ಆತ್ಮವಿಶ್ವಾಸ ಬರುತ್ತದೆ. ಅದಕ್ಕೆ ಅಧ್ಯಯನ ಎಂಬ ಹೆಸರು ಬೇಕಿಲ್ಲ. ನನ್ನ ವಾದ ಇಷ್ಟು. ಅಧ್ಯಯನ ಪ್ರವಾಸದ ಫಲ ವಿಮಾನ ಹತ್ತುವ ಮೊದಲೇ ಬಹುಪಾಲು ತೀರ್ಮಾನವಾಗಿರುತ್ತದೆ. ತನ್ನ ಊರಿನ ಒಂದು ನಿಜವಾದ ಪ್ರಶ್ನೆಯನ್ನು ಚೆನ್ನಾಗಿ ಓದಿಕೊಂಡು ಹೊರಟ ವಿದ್ಯಾರ್ಥಿಗೆ ಎರಡು ವಾರವೂ ಸಾಕಾಗುತ್ತದೆ. ಪ್ರಶ್ನೆಯೇ ಇಲ್ಲದೆ ಹೊರಟವರಿಗೆ ಎರಡು ವರ್ಷವೂ ಸಾಲದು. ಆ ಪ್ರಶ್ನೆಯನ್ನು ಒಬ್ಬೊಬ್ಬರೇ ಹೊರದೆ ಸಹಪಾಠಿಗಳು ಹಂಚಿಕೊಂಡು ಹೊರಬೇಕು, ಬಂದ ಮೇಲೆ ಊರಿನವರ ಎದುರು ಲೆಕ್ಕ ಒಪ್ಪಿಸಬೇಕು. ಇದು ಹೊಸದಾಗಿ ಕಟ್ಟಿದ ಸಿದ್ಧಾಂತವಲ್ಲ. ಈ ಮೂರು ತಾಲ್ಲೂಕುಗಳ ಚರಿತ್ರೆಯಲ್ಲೇ ಇದಕ್ಕೆ ಬೇಕಾದ ಸಾಕ್ಷ್ಯ ಇದೆ.

ಮೊದಲ ಸಾಕ್ಷ್ಯ ನಾಲ್ಕು ಶತಮಾನ ಹಳೆಯದು. ರೋಮ್ ನಗರದ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಗೋವೆಯಿಂದ ಹೊರಟ ಪೋರ್ಚುಗೀಸ್ ರಾಯಭಾರಿಯ ತಂಡದ ಜೊತೆ ಹೊನ್ನಾವರ, ಗೇರುಸೊಪ್ಪೆಯ ದಾರಿಯಾಗಿ ಘಟ್ಟ ಹತ್ತಿ, ಕೆಳದಿಯ ಅರಸ ವೆಂಕಟಪ್ಪ ನಾಯಕನ ರಾಜಧಾನಿ, ಸಾಗರದ ಪಕ್ಕದ ಇಕ್ಕೇರಿಗೆ ಬಂದ. ಘಟ್ಟದ ಮೇಲಿನ ದೇವಸ್ಥಾನವೊಂದರ ಜಗಲಿಯಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿರುವುದು ಅವನ ಕಣ್ಣಿಗೆ ಬಿತ್ತು. ನೆಲದ ಮೇಲೆ ನುಣ್ಣನೆಯ ಮರಳು ಹರಡಿತ್ತು. ಒಬ್ಬ ಹುಡುಗ ಪಾಠದ ಒಂದು ತುಣುಕನ್ನು ರಾಗವಾಗಿ ಹೇಳುತ್ತ ಬೆರಳಿನಿಂದ ಮರಳಿನ ಮೇಲೆ ಬರೆಯುತ್ತಿದ್ದ. ಉಳಿದವರು ಅದನ್ನೇ ಹಾಡಿ ಅದನ್ನೇ ಬರೆಯುತ್ತಿದ್ದರು. ನೆಲ ತುಂಬಿದರೆ ಅಳಿಸಿ ಮತ್ತೆ ಮರಳು ಹರಡುತ್ತಿದ್ದರು. ಹತ್ತಿರದಲ್ಲಿ ಮೇಷ್ಟ್ರು ಇರಲಿಲ್ಲ. ತಪ್ಪಿದರೆ ತಿದ್ದುವವರು ಯಾರು ಎಂದು ದೆಲ್ಲಾ ವಾಲ್ಲೆ ಕೇಳಿದ. ನಾಲ್ವರೂ ಒಂದೇ ಜಾಗದಲ್ಲಿ ತಪ್ಪುವುದು ಸಾಧ್ಯವಿಲ್ಲ, ಒಬ್ಬ ತಪ್ಪಿದರೆ ಇನ್ನೊಬ್ಬ ತಿದ್ದುತ್ತಾನೆ, ಅದಕ್ಕಾಗಿಯೇ ಒಟ್ಟಿಗೆ ಕೂತಿದ್ದೇವೆ ಎಂಬ ಅರ್ಥದ ಉತ್ತರ ಹುಡುಗರಿಂದ ಬಂತು. ಅವನು ಅದನ್ನು ವಿವರವಾಗಿ ಬರೆದಿಟ್ಟ. ಹಾಗಾಗಿ 17ನೇ ಶತಮಾನದ ಮಲೆನಾಡಿನಲ್ಲಿ ಮಕ್ಕಳು ಲೆಕ್ಕ ಕಲಿಯುತ್ತಿದ್ದ ಬಗೆ ಇಂದು ನಮಗೆ ಗೊತ್ತಿದೆ.

ಈ ಪ್ರಸಂಗದಲ್ಲಿ ನಮಗೆ ಎರಡು ಪಾಠಗಳಿವೆ. ಒಂದು, ನೋಡುವುದಕ್ಕೂ ಕಲಿಯುವುದಕ್ಕೂ ಇರುವ ಅಂತರ. ಆ ದಾರಿಯಲ್ಲಿ ರಾಯಭಾರಿಯ ಇಡೀ ತಂಡವೇ ಹೋಗಿತ್ತು. ನಿಂತು, ಕೇಳಿ, ಬರೆದದ್ದರಿಂದಲೇ ದೆಲ್ಲಾ ವಾಲ್ಲೆಯ ನೋಟ ತಿಳಿವಳಿಕೆಯಾಯಿತು. ಎರಡು, ಹುಡುಗರ ಉತ್ತರ. ಸಹಪಾಠಿಗಳು ಇರುವುದು ಬರೀ ಜೊತೆಗಲ್ಲ, ಒಬ್ಬರನ್ನೊಬ್ಬರು ತಿದ್ದಿಕೊಳ್ಳುವುದಕ್ಕೆ. ಮರಳಿನ ಮೇಲೆ ಬರೆದು ಮಕ್ಕಳೇ ಮಕ್ಕಳಿಗೆ ಕಲಿಸುವ ಈ ಕ್ರಮ ದಕ್ಷಿಣ ಭಾರತದ ಬೇರೆ ಕಡೆಗಳಲ್ಲೂ ಇತ್ತು. ಮದ್ರಾಸಿನ ಅನಾಥಾಲಯವೊಂದರ ಹೊಣೆ ಹೊತ್ತಿದ್ದ ಆಂಡ್ರ್ಯೂ ಬೆಲ್ ಅಂಥದ್ದನ್ನು ಕಂಡು ತನ್ನ ಶಾಲೆಯಲ್ಲಿ ಅಳವಡಿಸಿದ, 1797ರಲ್ಲಿ ಲಂಡನ್ನಿನಲ್ಲಿ ಆ ಬಗ್ಗೆ ಪುಸ್ತಕ ಪ್ರಕಟಿಸಿದ. ಮುಂದೆ ಅದು ‘ಮದ್ರಾಸ್ ಪದ್ಧತಿ’ ಎಂಬ ಹೆಸರಿನಲ್ಲಿ ಇಂಗ್ಲೆಂಡಿನ ಬಡ ಮಕ್ಕಳ ಶಾಲೆಗಳಲ್ಲಿ ಹರಡಿತು. ಇಲ್ಲಿನ ಜಗಲಿಯಂಥದೇ ಜಗಲಿಯ ಪಾಠ ಲಂಡನ್ನಿನ ತರಗತಿಯನ್ನು ಬದಲಿಸಿದ್ದು ನೋಡಿದವನ ಬಳಿ ಒಂದು ಪ್ರಶ್ನೆ ಇದ್ದುದರಿಂದ: ಮೇಷ್ಟ್ರುಗಳು ಕಡಿಮೆ, ಮಕ್ಕಳು ಹೆಚ್ಚು, ಏನು ಮಾಡುವುದು ಎಂಬ ಪ್ರಶ್ನೆ.

ಪ್ರಶ್ನೆಗಳ ಪಟ್ಟಿ ಹಿಡಿದು ಇದೇ ಸೀಮೆಗೆ ಬಂದ ಇನ್ನೊಬ್ಬ ಫ್ರಾನ್ಸಿಸ್ ಬುಕಾನನ್. ಟಿಪ್ಪುವಿನ ಪತನದ ನಂತರ ಗವರ್ನರ್ ಜನರಲ್ ವೆಲ್ಲೆಸ್ಲಿ ಅವನಿಗೆ ಏನೇನು ವಿಚಾರಿಸಬೇಕೆಂದು ಸ್ಪಷ್ಟ ಸೂಚನೆ ಕೊಟ್ಟಿದ್ದ: ಬೆಳೆ, ಗೊಬ್ಬರ, ದನಕರು, ಗೇಣಿ, ಕೈಕಸುಬು, ಕಾಡಿನ ಉತ್ಪನ್ನ, ಹವಾಮಾನ. 1801ರಲ್ಲಿ ಇಕ್ಕೇರಿ, ಸಾಗರ, ನಗರದ ದಾರಿಯಾಗಿ ಸಾಗಿದ ಬುಕಾನನ್ ಅಡಿಕೆ ತೋಟದ ಬೇಸಾಯವನ್ನೂ ಬಿಡದೆ ಬರೆದುಕೊಂಡ. 1807ರಲ್ಲಿ ಅವನ ಗ್ರಂಥ ಮೂರು ಸಂಪುಟಗಳಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಆ ಪ್ರಶ್ನೆಗಳ ಹಿಂದೆ ಇದ್ದದ್ದು ಈಸ್ಟ್ ಇಂಡಿಯಾ ಕಂಪನಿಯ ಆದಾಯದ ಚಿಂತೆ, ನಮ್ಮ ರೈತರ ಹಿತವಲ್ಲ, ಅದನ್ನು ಮರೆಯಬಾರದು. ಆದರೂ ಒಂದು ಊರಿನಲ್ಲಿ ಕೆಲವೇ ದಿನ ತಂಗುವವನು ಏನನ್ನಾದರೂ ತಿಳಿಯಬೇಕಾದರೆ ಮೊದಲೇ ಸಿದ್ಧವಾದ ಪ್ರಶ್ನೆಗಳು ಬೇಕು ಎಂಬುದನ್ನು ಅವನ ಕೆಲಸ ತೋರಿಸುತ್ತದೆ. ಅಂದು ಕಂಪನಿ ತನ್ನ ಪ್ರಶ್ನೆಗಳನ್ನು ಹೊರಿಸಿ ಅವನನ್ನು ಇಕ್ಕೇರಿಗೆ ಕಳಿಸಿತು. ಇಂದು ನಮ್ಮ ಮಕ್ಕಳು ನಮ್ಮ ಪ್ರಶ್ನೆಗಳನ್ನು ಹೊತ್ತು ಲಂಡನ್ನಿಗೆ ಹೋಗುವಂತಾಗಬೇಕು.

ಅಂಥ ಪ್ರಶ್ನೆ ಎಂದರೆ ಯಾವುದು? ಮಲೆನಾಡಿನ ಯಾವ ಮನೆಗೂ ಹೊಸದಲ್ಲದ ಕೊಳೆರೋಗವನ್ನೇ ತೆಗೆದುಕೊಳ್ಳೋಣ. ಮಳೆಗಾಲದಲ್ಲಿ ಎಳೆಯ ಅಡಿಕೆ ಕೊಳೆತು ಉದುರುವ ಈ ರೋಗಕ್ಕೆ ಹಿಂದೆ ಗೊನೆಗಳಿಗೆ ಕೊಟ್ಟೆ ಎಂಬ ಹೊದಿಕೆ ಕಟ್ಟುವುದೊಂದೇ ದಾರಿಯಾಗಿತ್ತು. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ತೋಟಗಳಲ್ಲಿ ಓಡಾಡಿ ಈ ರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಅವರು ಬಳಕೆಗೆ ತಂದ ಮದ್ದು ಫ್ರಾನ್ಸಿನ ಬೋರ್ಡೋ ಪ್ರಾಂತ್ಯದ ದ್ರಾಕ್ಷಿ ತೋಟಗಳದ್ದು. ಅಲ್ಲಿ ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಬಳಿಯುತ್ತಿದ್ದರು. ಹಾಗೆ ಬಳಿದ ಬಳ್ಳಿಗಳಿಗೆ ರೋಗ ತಗುಲದ್ದನ್ನು ಗಮನಿಸಿದ ಸಸ್ಯವಿಜ್ಞಾನಿ ಮಿಲಾರ್ಡೆ 1885ರಲ್ಲಿ ಅದರ ವಿವರ ಪ್ರಕಟಿಸಿದ. 100 ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ ಎಂಬ ಲೆಕ್ಕ ಇಂದು ತೀರ್ಥಹಳ್ಳಿಯ ಯಾವ ಬೆಳೆಗಾರರ ಬಾಯಲ್ಲೂ ಇದೆ. ದೂರದ ದ್ರಾಕ್ಷಿಯ ಮದ್ದು ಇಲ್ಲಿನ ಅಡಿಕೆಗೆ ಒದಗಿದ್ದು ಆಕಸ್ಮಿಕವಲ್ಲ. ಹೊರಗೆ ಏನಿದೆ ಎಂಬುದನ್ನು ಓದಿ ಬಲ್ಲವರೊಬ್ಬರು ಇಲ್ಲಿನ ತೋಟದಲ್ಲಿ ನಿಂತು ರೋಗವನ್ನು ಹತ್ತಿರದಿಂದ ನೋಡಿದ್ದರಿಂದ ಅದು ಸಾಧ್ಯವಾಯಿತು.

ಈಗ ಎಲೆಚುಕ್ಕಿ ರೋಗ ಇದೇ ತೋಟಗಳನ್ನು ಬಾಧಿಸುತ್ತಿದೆ. ಸಸ್ಯಶಾಸ್ತ್ರ ಓದುತ್ತಿರುವ ಹೊಸನಗರದ ವಿದ್ಯಾರ್ಥಿ ಲಂಡನ್ನಿನ ಕ್ಯೂ ಉದ್ಯಾನಕ್ಕೆ ಹೋದರೆ ಗಾಜಿನ ಮನೆಯ ತಾಳೆಮರಗಳನ್ನು ನೋಡಿ ಬರಬಹುದು. ಅದೇ ವಿದ್ಯಾರ್ಥಿ ಹೊರಡುವ ಮೊದಲು ತನ್ನೂರಿನ ಹತ್ತು ತೋಟಗಳಲ್ಲಿ ರೋಗ ಯಾವ ತಿಂಗಳು ಕಾಣಿಸಿತು, ಯಾವ ಮಗ್ಗುಲಿನಿಂದ ಹರಡಿತು, ನೆರಳು ಎಷ್ಟಿತ್ತು, ಬಸಿಗಾಲುವೆ ಹೇಗಿತ್ತು ಎಂದು ಬರೆದುಕೊಂಡು ಹೋದರೆ ಕ್ಯೂ ಬೇರೆಯೇ ಆಗಿ ಕಾಣುತ್ತದೆ. ಅಲ್ಲಿನ ಸಸ್ಯ ಸಂಗ್ರಹದಲ್ಲಿ 70 ಲಕ್ಷಕ್ಕೂ ಹೆಚ್ಚು ಒಣ ಮಾದರಿಗಳಿವೆ. ಶಿಲೀಂಧ್ರಗಳಿಗೇ ಪ್ರತ್ಯೇಕ ಸಂಗ್ರಹವಿದೆ. 1840ರ ದಶಕದಲ್ಲಿ ಐರ್ಲೆಂಡನ್ನು ಕ್ಷಾಮಕ್ಕೆ ತಳ್ಳಿದ ಆಲೂಗಡ್ಡೆ ರೋಗದ ಮಾದರಿಗಳನ್ನು ಅಲ್ಲಿ ಕಾಪಾಡಿಟ್ಟಿದ್ದರಿಂದಲೇ 2013ರಲ್ಲಿ ವಿಜ್ಞಾನಿಗಳು ಆ ರೋಗಾಣುವಿನ ವಂಶವಾಹಿಯನ್ನು ಓದಲು ಸಾಧ್ಯವಾಯಿತು. ಆ ರೋಗಾಣುವೂ ನಮ್ಮ ಕೊಳೆರೋಗದ ರೋಗಾಣುವೂ ಫೈಟಾಫ್ತೊರಾ ಎಂಬ ಒಂದೇ ಕುಲದವು. ಇದನ್ನು ತಿಳಿದು ಹೋದ ಹುಡುಗ ಅಲ್ಲಿ ಕೇಳುವುದು ‘ಇದನ್ನು ಕಟ್ಟಿದ್ದು ಯಾವಾಗ’ ಎಂದಲ್ಲ; ರೋಗ ತಗುಲಿದ ಎಲೆಯನ್ನು ನೂರೈವತ್ತು ವರ್ಷ ಕೆಡದಂತೆ ಇಡುವುದು ಹೇಗೆ, ನಮ್ಮ ಜಿಲ್ಲೆಯಲ್ಲಿ ಇಂಥ ಸಂಗ್ರಹ ಮಾಡಬೇಕಾದರೆ ಏನು ಬೇಕು ಎಂದು. ಆ ಉತ್ತರ ಊರಿಗೆ ಬಂದ ಮೇಲೂ ಕೆಲಸಕ್ಕೆ ಬರುತ್ತದೆ.

ಇತಿಹಾಸ ಓದುವವರಿಗೆ ಇನ್ನೊಂದು ದಾರಿಯಿದೆ. ಹೊಸನಗರ ತಾಲ್ಲೂಕಿನ ನಗರ 1763ರವರೆಗೆ ಕೆಳದಿ ಅರಸರ ಬಿದನೂರು. ಹೈದರಾಲಿ ಗೆದ್ದ ಮೇಲೆ ಹೈದರ್ ನಗರ. 1830-31ರಲ್ಲಿ ಇಲ್ಲಿನ ರೈತರು ಕಂದಾಯದ ಹೊರೆ, ಅಧಿಕಾರಿಗಳ ದಬ್ಬಾಳಿಕೆ ತಾಳಲಾರದೆ ಕೂಟ ಸೇರಿ ದಂಗೆ ಎದ್ದರು. ಬೂದಿ ಬಸವಪ್ಪ ಅದಕ್ಕೆ ನಾಯಕನಾಗಿ ನಿಂತ. ಈ ನಗರ ದಂಗೆಯನ್ನೇ ಕಾರಣ ಮಾಡಿಕೊಂಡು ಬ್ರಿಟಿಷರು 1831ರಲ್ಲಿ ಮೈಸೂರು ಅರಸರಿಂದ ಆಡಳಿತವನ್ನು ತೆಗೆದುಕೊಂಡರು. 1881ರವರೆಗೆ ಅದನ್ನು ಹಿಂತಿರುಗಿಸಲಿಲ್ಲ. ದಂಗೆಯ ಕಾರಣ ವಿಚಾರಿಸಿದ ಸಮಿತಿ 1833ರಲ್ಲಿ ವರದಿ ಕೊಟ್ಟಿತು. ಆ ಕಾಲದ ಆಡಳಿತದ ಕಾಗದಪತ್ರಗಳು ಸೇರಿರುವ ಇಂಡಿಯಾ ಆಫೀಸ್ ದಾಖಲೆಗಳು ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್‌ನ ಬ್ರಿಟಿಷ್ ಲೈಬ್ರರಿಯಲ್ಲಿ ಸುಮಾರು 14 ಕಿಲೋಮೀಟರ್ ಉದ್ದದ ಕಪಾಟುಗಳನ್ನು ತುಂಬಿವೆ. ಸಾಗರದ ಬಿ.ಎ. ವಿದ್ಯಾರ್ಥಿಗಳು ಮೊದಲು ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಹಳೆಯ ಕಡತ, ತಾಳೆಗರಿಗಳನ್ನು ನೋಡಿ, ನಗರದ ಕೋಟೆಯಲ್ಲಿ ಓಡಾಡಿ, ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಏನಿದೆ ಎಂದು ತಿಳಿದು, ಆಮೇಲೆ ಆ ಲೈಬ್ರರಿಯ ಓದುವ ಕೊಠಡಿಗೆ ಹೋಗಲಿ. ತಮ್ಮ ತಾಲ್ಲೂಕಿನ ರೈತರ ಬಗ್ಗೆ ಅಧಿಕಾರಿಯೊಬ್ಬ ಬರೆದದ್ದನ್ನು ಮೂಲ ಪ್ರತಿಯಲ್ಲಿ ಓದಿ, ಅದರಲ್ಲಿ ಯಾರ ಮಾತು ಇದೆ, ಯಾರದ್ದು ಇಲ್ಲ ಎಂದು ಗುರುತಿಸುವುದು ಇತಿಹಾಸದ ನಿಜವಾದ ಪಾಠ. ಇದಕ್ಕೆ ಎರಡು ದಿನ ಸಾಕು, ಆದರೆ ಎರಡು ತಿಂಗಳ ತಯಾರಿ ಬೇಕು.

ಇಲ್ಲಿ ಸಹಪಾಠಿಗಳ ಮಾತು ಮತ್ತೆ ಮುಖ್ಯವಾಗುತ್ತದೆ. ಇಂಥ ಪ್ರವಾಸಕ್ಕೆ ಆರಿಸುವಾಗ ಇಂಗ್ಲಿಷಿನಲ್ಲಿ ಚುರುಕಾಗಿ ಮಾತಾಡುವವರು ಮುಂದೆ ಬರುವುದು ಸಹಜ. ಆದರೆ ತೋಟದ ರೋಗವನ್ನು ಅಪ್ಪನ ಜೊತೆ ನಿಂತು ನೋಡಿದವರು, ಔಷಧಿ ಹೊಡೆಯುವ ದಿನ ಪೈಪು ಹಿಡಿದವರು, ಹಳೆಯ ಕೈಬರಹದ ಕನ್ನಡ ಓದಬಲ್ಲವರು ಸಂದರ್ಶನದಲ್ಲಿ ತಡವರಿಸಬಹುದು. ಅವರನ್ನು ಬಿಟ್ಟರೆ ಪ್ರಶ್ನೆಯನ್ನೇ ಊರಲ್ಲಿ ಬಿಟ್ಟು ಹೋದ ಹಾಗೆ. ತಂಡವನ್ನು ಕಟ್ಟುವಾಗಲೇ ಒಬ್ಬೊಬ್ಬರಿಗೆ ಒಂದೊಂದು ಕೆಲಸವಿರಲಿ: ಒಬ್ಬರು ವಿಷಯ ಬಲ್ಲವರು, ಒಬ್ಬರು ಮಾತಾಡಬಲ್ಲವರು, ಒಬ್ಬರು ಬರೆದುಕೊಳ್ಳುವವರು, ಒಬ್ಬರು ಅಳತೆ, ಚಿತ್ರ ದಾಖಲಿಸುವವರು. ರಾತ್ರಿ ತಂಗುವ ಕೋಣೆಯಲ್ಲಿ ನಾಲ್ವರೂ ಕೂತು ಹಗಲು ಕಂಡದ್ದನ್ನು ಹೋಲಿಸಿ ನೋಡಿದರೆ ಒಬ್ಬರಿಗೆ ತಪ್ಪಿದ್ದು ಇನ್ನೊಬ್ಬರಿಗೆ ಸಿಕ್ಕಿರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದವರ ಹಿಂಜರಿಕೆಯೂ ಹೀಗೆ ಕೆಲಸದ ನಡುವೆ ಕರಗುತ್ತದೆ, ಭಾಷಣಗಳಿಂದ ಕರಗುವುದಿಲ್ಲ.

ಇದಕ್ಕೆಲ್ಲ ಆಕ್ಷೇಪಗಳಿವೆ, ಅವು ಹಗುರವಾದವಲ್ಲ. ಮೊದಲನೆಯದು ಹಣದ್ದು. ಹಳ್ಳಿಯ ಶಾಲೆಗೆ ಮೇಷ್ಟ್ರಿಲ್ಲ, ಪ್ರಯೋಗಾಲಯವಿಲ್ಲ, ಮಳೆಗಾಲದಲ್ಲಿ ಬಸ್ಸೂ ಸರಿಯಾಗಿ ಬರುವುದಿಲ್ಲ; ಹೀಗಿರುವಾಗ ಬೆರಳೆಣಿಕೆಯ ಮಕ್ಕಳನ್ನು ವಿದೇಶಕ್ಕೆ ಕಳಿಸುವುದು ಸರಿಯೇ ಎಂದು ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆ. ಪ್ರವಾಸದ ಹೆಸರಿನಲ್ಲಿ ಶಾಲೆಯ ಹಣ ಕಡಿತವಾಗುವುದಾದರೆ ಪ್ರವಾಸ ಬೇಡ. ಆದರೆ ಬಡವರ ಮಕ್ಕಳಿಗೆ ಮೊದಲು ಬೆಂಚು, ಆಮೇಲೆ ಜಗತ್ತು ಎಂದು ಸಾಲು ನಿಲ್ಲಿಸಿದರೆ ಆ ಸಾಲು ಎಂದೂ ಮುಂದೆ ಸಾಗುವುದಿಲ್ಲ. ಹಣವಿದ್ದವರ ಮಕ್ಕಳು ಎರಡನ್ನೂ ಒಟ್ಟಿಗೆ ಪಡೆಯುತ್ತಲೇ ಇರುತ್ತಾರೆ. ಹೋಗುವವರು ಕೆಲವರೇ ಆಗಿರುವುದರಿಂದಲೇ ಹೋಗದವರಿಗೂ ಅದರಲ್ಲಿ ಪಾಲು ಸಿಗಬೇಕು. ತಯಾರಿಯ ಎರಡು ತಿಂಗಳು ಇಡೀ ತರಗತಿಯದ್ದಾಗಲಿ. ಹತ್ತು ತೋಟಗಳ ಸಮೀಕ್ಷೆ, ಕೆಳದಿಯ ಕಡತಗಳ ಓದು, ಪ್ರಶ್ನೆಗಳ ಪಟ್ಟಿ ಇವನ್ನು ಎಲ್ಲರೂ ಸೇರಿ ಮಾಡಲಿ. ಆಗ ವಿಮಾನ ಹತ್ತುವವರು ಉಳಿದವರ ಪ್ರತಿನಿಧಿಗಳಾಗುತ್ತಾರೆ, ಅದೃಷ್ಟಶಾಲಿಗಳಷ್ಟೇ ಆಗಿ ಉಳಿಯುವುದಿಲ್ಲ.

ಎರಡನೆಯ ಆಕ್ಷೇಪ: ಎಲ್ಲವೂ ಮೊಬೈಲಿನಲ್ಲೇ ಸಿಗುವಾಗ ಹೋಗುವುದೇಕೆ? ಜೊತೆಗೆ ಹೆಗ್ಗೋಡಿನ ಉದಾಹರಣೆಯನ್ನೂ ಕೊಡಬಹುದು. ಕೆ.ವಿ. ಸುಬ್ಬಣ್ಣನವರು ಸಾಗರದ ಪಕ್ಕದ ಹಳ್ಳಿಯಲ್ಲಿ ನೀನಾಸಂ ಕಟ್ಟಿ ಜಗತ್ತಿನ ನಾಟಕ, ಸಿನಿಮಾಗಳನ್ನು ಅಡಿಕೆ ಬೆಳೆಗಾರರ ಮುಂದೆ ತಂದರು. 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಆ ಕೆಲಸವನ್ನು ಗುರುತಿಸಿತು. ಕುಪ್ಪಳಿಯ ಕುವೆಂಪು ಅವರ ವಿಶ್ವಮಾನವ ಸಂದೇಶಕ್ಕೂ ಲಂಡನ್ನಿನ ಮೊಹರು ಬೇಕಾಗಲಿಲ್ಲ. ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಊರಿನಲ್ಲೇ ಕೂತು ಜಗತ್ತನ್ನು ಅರಿಯಬಹುದು. ಆದರೆ ಹೆಗ್ಗೋಡಿನಿಂದ ಕಲಿಯಬೇಕಾದದ್ದು ಹೊರಗೆ ಹೋಗಬೇಡಿ ಎಂಬುದಲ್ಲ. ಹೊರಗಿನದನ್ನು ತರುವವರಿಗೆ ಊರಿನ ಬೇರು ಇರಬೇಕು ಎಂಬುದು. ಮೊಬೈಲಿನಲ್ಲಿ ಸಿಗುವುದು ಯಾರೋ ಆಗಲೇ ಕೇಳಿದ ಪ್ರಶ್ನೆಯ ಉತ್ತರ. ಮಾದರಿಯನ್ನು ಜೋಪಾನ ಮಾಡುವವರ ಎದುರು ನಿಂತು, ಅವರು ಹೇಳಿದ್ದಕ್ಕೆ ಮರುಪ್ರಶ್ನೆ ಹಾಕಿ, ‘ನಮ್ಮಲ್ಲಿ ಮಳೆ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು, ಹಾಗಾದರೆ ಏನು ಮಾಡಬೇಕು’ ಎಂದು ಕೇಳುವ ಅವಕಾಶ ಅಲ್ಲಿಗೆ ಹೋದರೇ ಸಿಗುವುದು.

ಮೂರನೆಯದು ಮಲೆನಾಡಿನವರ ಎದೆಯೊಳಗಿನ ಭಯ. ಒಮ್ಮೆ ದೊಡ್ಡ ನಗರ ಕಂಡ ಮಕ್ಕಳು ಊರಿಗೆ ಮರಳುತ್ತಾರೆಯೇ? ವಯಸ್ಸಾದ ಅಪ್ಪ ಅಮ್ಮ ಇಬ್ಬರೇ ಉಳಿದ ಮನೆಗಳು ಈ ತಾಲ್ಲೂಕುಗಳ ಪ್ರತಿ ಹಳ್ಳಿಯಲ್ಲೂ ಇವೆ. ಆದರೆ ಆ ಮನೆಗಳನ್ನು ಖಾಲಿ ಮಾಡಿದ್ದು ಅಧ್ಯಯನ ಪ್ರವಾಸವಲ್ಲ. ಕೆಲಸದ ಕೊರತೆ, ಬೆಳೆಯ ಅನಿಶ್ಚಿತತೆ. ದೂರ ಹೋಗುವುದು ಊರನ್ನು ಮರೆಸುತ್ತದೆ ಎಂಬುದೂ ಎಲ್ಲರ ವಿಷಯದಲ್ಲಿ ನಿಜವಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿ ‘ಸಂಸ್ಕಾರ’ ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್ಹ್ಯಾಮಿನಲ್ಲಿ ಸಂಶೋಧನೆ ಮಾಡುತ್ತಿದ್ದಾಗ. ತಮ್ಮ ಗುರು ಮ್ಯಾಲ್ಕಂ ಬ್ರಾಡ್‌ಬರಿ ಜೊತೆ ನೋಡಿದ ಬರ್ಗ್‌ಮನ್ ಚಿತ್ರವೊಂದು ಅದಕ್ಕೆ ಪ್ರಚೋದನೆಯಾಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಪರದೇಶದ ಚಿತ್ರಮಂದಿರದಲ್ಲಿ ಅವರಿಗೆ ಕಂಡದ್ದು ಮಲೆನಾಡಿನ ಅಗ್ರಹಾರ. ಅವರು ಅಲ್ಲಿ ವರ್ಷಗಟ್ಟಲೆ ಇದ್ದರು, ಎರಡು ವಾರವಲ್ಲ ಎಂಬುದು ನಿಜ. ಆದರೂ ಆ ದೂರ ಊರನ್ನು ಸ್ಪಷ್ಟವಾಗಿ ತೋರಿಸಿದ್ದು ಅವರು ಅಗ್ರಹಾರವನ್ನು ಮೊದಲೇ ಒಳಗಿನಿಂದ ಬಲ್ಲವರಾಗಿದ್ದರಿಂದ. ಊರಿನ ಪ್ರಶ್ನೆ ಹೊತ್ತು ಹೋದವರಿಗೆ ಊರಿನೊಡನೆ ನಂಟು ಹೆಚ್ಚುತ್ತದೆ, ಏಕೆಂದರೆ ಅವರ ಉತ್ತರಕ್ಕೆ ಕಾಯುವ ಜನ ಅಲ್ಲಿದ್ದಾರೆ.

ಸುರಕ್ಷತೆಯ ಆತಂಕವೂ ಇದೆ. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರ ನಾಲ್ವರು ಹುಡುಗಿಯರು ಶಾಲಾ ಪ್ರವಾಸದ ವೇಳೆ ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ಸತ್ತ ದುಃಖವನ್ನು ಯಾವ ತಂದೆತಾಯಿಯೂ ಮರೆತಿಲ್ಲ. ಆ ಭಯಕ್ಕೆ ಉತ್ತರ ಪ್ರವಾಸವನ್ನೇ ನಿಲ್ಲಿಸುವುದಲ್ಲ. ತಂಡ ಚಿಕ್ಕದಾಗಿರಬೇಕು, ಪ್ರತಿ ಗಂಟೆಗೂ ಗೊತ್ತಾದ ಕೆಲಸವಿರಬೇಕು, ಹೊಣೆ ಹೊತ್ತ ಶಿಕ್ಷಕರು ಸಾಕಷ್ಟು ಇರಬೇಕು. ಒಂದೇ ದಿನದಲ್ಲಿ ಹತ್ತು ಜಾಗ ತೋರಿಸುವ ಧಾವಂತವಿದ್ದಲ್ಲಿ ಕಲಿಕೆಯೂ ಇಲ್ಲ, ಎಚ್ಚರವೂ ಇರುವುದಿಲ್ಲ.

ಹೀಗಾಗಿ ಸರ್ಕಾರ, ವಿಶ್ವವಿದ್ಯಾಲಯ, ಕಾಲೇಜುಗಳ ಮುಂದೆ ಇಡಬೇಕಾದ ಬೇಡಿಕೆ ಸರಳವಾಗಿದೆ. ಹೋಗುವ ತಂಡದ ಅರ್ಜಿಯಲ್ಲಿ ಅಂಕಪಟ್ಟಿಯ ಜೊತೆ ಊರಿನ ಒಂದು ಪ್ರಶ್ನೆ ಮತ್ತು ಅದರ ಮೇಲೆ ಆಗಲೇ ಮಾಡಿದ ಕೆಲಸ ಕಡ್ಡಾಯವಾಗಲಿ. ಹೋಗುವ ನಗರದ ಯಾವ ಸಂಸ್ಥೆಯಲ್ಲಿ ಯಾರನ್ನು ಕಾಣಬೇಕು ಎಂಬುದು ಮೊದಲೇ ಪತ್ರ ಬರೆದು ಗೊತ್ತಾಗಿರಲಿ. ಬಂದ ಮೂರು ತಿಂಗಳೊಳಗೆ ವರದಿ ಕನ್ನಡದಲ್ಲಿ ಸಿದ್ಧವಾಗಿ, ತಮ್ಮ ಕಾಲೇಜಿನಲ್ಲಷ್ಟೇ ಅಲ್ಲದೆ ಗ್ರಾಮ ಪಂಚಾಯಿತಿಯಲ್ಲಿ, ಅಡಿಕೆ ಬೆಳೆಗಾರರ ಸಭೆಯಲ್ಲಿ, ಊರಿನ ಪ್ರೌಢಶಾಲೆಯಲ್ಲಿ ಮಂಡನೆಯಾಗಲಿ. ಅಲ್ಲಿ ಬೆಳೆಗಾರರು ಕೇಳುವ ಪ್ರಶ್ನೆಗೆ ಉತ್ತರ ಕೊಡಲಾಗದಿದ್ದರೆ ಅದು ಅವಮಾನವಲ್ಲ. ಮುಂದಿನ ವರ್ಷದ ತಂಡಕ್ಕೆ ಅದೇ ಪ್ರಶ್ನೆಯಾಗಲಿ. 1898ರಲ್ಲಿ ಸುಮಾರು ಮೂರು ತಿಂಗಳು ಜಪಾನಿನಲ್ಲಿ ಸುತ್ತಾಡಿದ ವಿಶ್ವೇಶ್ವರಯ್ಯನವರು ಅಲ್ಲಿನ ಶಿಕ್ಷಣ, ಕೈಗಾರಿಕೆಗಳನ್ನು ಗಮನಿಸಿ ಬಂದರು. ಮೈಸೂರಿನ ದಿವಾನರಾದಾಗಲೂ ಅವರ ಮನಸ್ಸು ಹಿಡಿದಿದ್ದು ಅವೇ ವಿಷಯಗಳನ್ನು. ಎಲ್ಲ ವಿದ್ಯಾರ್ಥಿಗಳೂ ವಿಶ್ವೇಶ್ವರಯ್ಯ ಆಗಬೇಕಿಲ್ಲ. ಆದರೆ ಸಾರ್ವಜನಿಕ ಹಣದಲ್ಲಿ ಜಗತ್ತು ನೋಡಿ ಬಂದವರು ತಾವು ಕಲಿತದ್ದರಿಂದ ತಮ್ಮ ಊರಿನ ಒಂದು ತೊಂದರೆಯನ್ನಾದರೂ ಒಂದು ಹೆಜ್ಜೆ ಮುಂದೆ ಒಯ್ಯಬೇಕೆಂದು ಕೇಳುವ ಹಕ್ಕು ಅರಳಸುರಳಿಯವರಿಗೂ ಇದೆ, ಅದನ್ನು ಅವರು ಗಟ್ಟಿಯಾಗಿ ಕೇಳಬೇಕು.